ಸೀಟಿನ ಹಿಂದಿನ ಚೀಲ ಕೈಗೆ ಸಿಗುವುದಿಲ್ಲ

ಸಣ್ಣ ವಿಮಾನ ಹಾರಿಸುವವರು, ಅದರಲ್ಲಿ ಜೊತೆಗೆ ಕೂತು ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಮಾರ್ಚ್ ಕೊನೆಯಲ್ಲಿ ನಾನೂ ನನ್ನ ಭಾಮೈದನೂ ಸಿರುಗುಪ್ಪ ಸೀಮೆಯ ಒಂದು ಎರೆ ಹೊಲದಲ್ಲಿ ತಲೆಕೆಳಗಾಗಿ ನೇತಾಡಿದೆವು. ಜೀವ ಉಳಿಸುವ ಸಾಮಾನೆಲ್ಲ ವಿಮಾನದೊಳಗೇ ಇತ್ತು. ಬೇಕಾದದ್ದು ಕೈಗೆ ಸಿಗಲಿಲ್ಲ, ಸಿಕ್ಕಿದ್ದು ಕೆಲಸಕ್ಕೆ ಬರಲಿಲ್ಲ.

ಬಾಡಿಗೆಗೆ ಪಡೆದ ಸೆಸ್ನಾ 172. ಹೈದರಾಬಾದ್ ಕಡೆಯಿಂದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಬರುತ್ತಿದ್ದೆವು. ತುಂಗಭದ್ರೆ ದಾಟಿದ ಸ್ವಲ್ಪ ಹೊತ್ತಿಗೆ ಎಂಜಿನ್ ಸೋತಿತು. ಯಾಕೆ ಸೋತಿತು ಎಂಬುದು ಬೇರೆಯೇ ಮಾತು, ಇಲ್ಲಿ ಬೇಡ. ನೆಲದಿಂದ ಸುಮಾರು 2,000 ಅಡಿ ಮೇಲಿದ್ದೆವು, ನೆಲ ಮುಟ್ಟಲು ಹೆಚ್ಚೆಂದರೆ ಮೂರು ನಿಮಿಷ. ವೇಗವನ್ನು 65 ನಾಟ್‌ಗೆ (ಗಂಟೆಗೆ ಸುಮಾರು 120 ಕಿ.ಮೀ.) ಹಿಡಿದು, ರೇಡಿಯೋದಲ್ಲಿ ಮೇಡೇ ಎಂಬ ಅಪಾಯದ ಕರೆ ಹೇಳಿ, ಹತ್ತಿ ಕಿತ್ತು ಖಾಲಿಯಾಗಿದ್ದ ಹೊಲ ಆರಿಸಿಕೊಂಡೆ. ನೆಲ ಮುಟ್ಟುವ ಮುಂಚೆ ಬಾಗಿಲುಗಳ ಚಿಲಕ ತೆಗೆದಿಡಬೇಕು ಎಂದು ಚೆಕ್‌ಲಿಸ್ಟ್‌ನಲ್ಲೇ ಇದೆ. ಚೌಕಟ್ಟು ಸೊಟ್ಟಗಾದರೂ ಬಾಗಿಲು ಕಚ್ಚಿಕೊಳ್ಳಬಾರದು ಅಂತ. ನನ್ನದು ತೆಗೆದೆ. ಅವನಿಗೆ ಹೇಳಲು ಮರೆತೆ.

ಬೇಸಿಗೆಯ ಎರೆ ಭೂಮಿ ನಮ್ಮವರಿಗೆ ಗೊತ್ತು, ಕಾಲು ಇಳಿಯುವಷ್ಟು ಬಿರುಕು. ಮೂಗಿನ ಗಾಲಿ ಅಂಥದ್ದೊಂದರಲ್ಲಿ ಸಿಕ್ಕಿತು, ವಿಮಾನ ಮಗುಚಿತು.

ಆಮೇಲಿನದ್ದು ಯಾವ ತರಗತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಮೈಭಾರವೆಲ್ಲ ಬೆಲ್ಟಿನ ಮೇಲೆ ಬಿದ್ದಾಗ ಬಕಲ್ ಸುಲಭಕ್ಕೆ ಬಿಡುವುದಿಲ್ಲ. ಬೆಲ್ಟ್ ಕತ್ತರಿಸುವ ಕತ್ತಿ ಸೀಟಿನ ಹಿಂದಿನ ಚೀಲದಲ್ಲಿತ್ತು. ಚೀಲ ಚಾವಣಿಗೆ ಬಿದ್ದು ಬಾಲದ ಕಡೆ ಜಾರಿತ್ತು. ನೀರಿನ ಬಾಟಲಿ, ಟಾರ್ಚು, ಸೀಟಿ, ಪ್ರಥಮ ಚಿಕಿತ್ಸೆಯ ಡಬ್ಬಿ ಎಲ್ಲ ಅದರೊಳಗೇ. ಮೊಬೈಲ್ ಸ್ಟ್ಯಾಂಡಿನಿಂದ ಹಾರಿ ಎಲ್ಲೋ ಹೋಗಿತ್ತು. ರೆಕ್ಕೆಯ ಟ್ಯಾಂಕಿನಿಂದ ಪೆಟ್ರೋಲ್ ಜಿನುಗುವ ವಾಸನೆ. "ಭಾವ, ನಂದು ಬಿಡವಲ್ದು" ಅಂದ. ನಾನು ಒಂದು ಕೈ ಚಾವಣಿಗೆ ಒತ್ತಿ ಮೈ ಸ್ವಲ್ಪ ಎತ್ತಿಕೊಂಡು ಬಿಚ್ಚಿದೆ. ಅವನಿಗೆ ಹಾಗೆ ಮಾಡು ಅನ್ನುವಷ್ಟರಲ್ಲಿ ಅವನ ಬಕಲ್ ತಟ್ಟನೆ ಬಿಟ್ಟಿತು. ಭುಜದ ಮೇಲೆ ಬಿದ್ದ, ಕಾಲರ್ ಬೋನ್ ಮುರಿಯಿತು.

ನನ್ನ ಬಾಗಿಲಿಗೆ ಮಣ್ಣು ಅಡ್ಡ, ಅವನದ್ದು ಕಚ್ಚಿಕೊಂಡಿತ್ತು. ಬಾಗಿಲ ಜೇಬಿನಲ್ಲಿ ಕಾರಿನ ಗಾಜು ಒಡೆಯುವ ಪುಟ್ಟ ಸುತ್ತಿಗೆ ಇಟ್ಟಿದ್ದೆ, ಅದು ಸಿಕ್ಕಿತು. ಹತ್ತು ಏಟು ಹಾಕಿದರೆ ಹತ್ತು ಚುಕ್ಕೆ ಬಿದ್ದವು, ಅಷ್ಟೇ. ಕಾರಿನ ಬದಿಯ ಗಾಜು ಸಾಮಾನ್ಯವಾಗಿ ಟೆಂಪರ್ ಮಾಡಿದ್ದು (ಕಾಯಿಸಿ ತಟ್ಟನೆ ತಣಿಸಿದ್ದು), ಚೂಪು ಮೊನೆ ತಾಗಿದರೆ ಪುಡಿಯಾಗುತ್ತದೆ. ಸೆಸ್ನಾದ ಕಿಟಕಿ ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್, ಅದು ಹಾಗೆ ಪುಡಿಯಾಗುವ ವಸ್ತುವೇ ಅಲ್ಲ. ಆ ಸುತ್ತಿಗೆಯನ್ನು ನಂಬಿ ಎಷ್ಟು ಜನ ಹಾರುತ್ತಿದ್ದಾರೋ ಎಂದು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಪಕ್ಕದ ಹೊಲದವರು ಓಡಿ ಬಂದರು. "ಒಳಗ ಎಷ್ಟ ಮಂದಿ ಅದೀರಿ?" ಬೀಡಿ ಹಚ್ಚಿಕೊಂಡೇ ಬರುತ್ತಿದ್ದವರೊಬ್ಬರಿಗೆ ದೂರ ಎಸೆಯಿರಿ ಎಂದು ಒಳಗಿನಿಂದಲೇ ಕಿರುಚಿದೆ. "ಮಕ ಮುಚ್ಕೊಳ್ರಿ ಅಣ್ಣಾರ, ಹಾರಿ ಹಾಕ್ತೀವಿ" ಅಂದರು. ಹಾರೆ ಹಾಕಿ ಮೀಟಿದ ಮೇಲೆ ಬಾಗಿಲು ಬಂತು. ಅವರ ಋಣ ತೀರುವಂಥದ್ದಲ್ಲ.

ಜನ ಇದ್ದ ಹೊಲ, ಬದುಕಿದೆವು. ಸಂಡೂರಿನ ಕಾಡುಗುಡ್ಡದಲ್ಲಿ ಬಿದ್ದಿದ್ದರೆ ಇಎಲ್‌ಟಿಯೇ ಗತಿ. ಅಪ್ಪಳಿಸಿದಾಗ ತಾನಾಗಿ ಚಾಲೂ ಆಗಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಪೆಟ್ಟಿಗೆ ಅದು. ನಮ್ಮ ದೇಶದಲ್ಲಿ ಆ ಸಂಕೇತ ಬೆಂಗಳೂರಿನ ಇಸ್ರೋ ಕೇಂದ್ರದ ಮೂಲಕ ರಕ್ಷಣಾ ತಂಡಗಳಿಗೆ ಹೋಗುತ್ತದೆ. ನಮ್ಮ ವಿಮಾನದ್ದರ ಬ್ಯಾಟರಿಯ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಬಾಡಿಗೆ ಕೊಟ್ಟವರು "ಮುಂದಿನ ತಪಾಸಣೆಗೆ ಬದಲಿಸೋಣ ಅಂತಿದ್ವಿ" ಅಂದರು. ಹಾರುವ ಮುಂಚೆ ಆ ದಿನಾಂಕ ನಾನು ನೋಡಿರಲಿಲ್ಲ, ತಪ್ಪು ನನ್ನದೂ ಹೌದು. ಬ್ಯಾಟರಿ ಇದ್ದಿದ್ದರೂ ಅದರ ಆಂಟೆನಾ ಇದ್ದದ್ದು ವಿಮಾನದ ಬೆನ್ನ ಮೇಲೆ. ಮಗುಚಿದಾಗ ಅದು ನಜ್ಜುಗುಜ್ಜಾಗಿತ್ತು. ಇನ್ನು 121.5 ಮೆಗಾಹರ್ಟ್ಸ್ ಮಾತ್ರ ಇರುವ ಹಳೇ ಪೆಟ್ಟಿಗೆ ನಿಮ್ಮಲ್ಲಿದ್ದರೆ ತಿಳಿದಿರಲಿ, ಉಪಗ್ರಹಗಳು ಅದನ್ನು ಕೇಳುವುದನ್ನು 2009ರ ಫೆಬ್ರವರಿ 1ಕ್ಕೇ ನಿಲ್ಲಿಸಿವೆ.

ಈಗ ನಾನು ಜೇಬುಗಳಿರುವ ಜಾಕೆಟ್ ತೊಟ್ಟೇ ಹತ್ತುವುದು, ಬಳ್ಳಾರಿಯ ಬಿಸಿಲಿನಲ್ಲೂ. ಎದೆಯ ಎರಡೂ ಬದಿಗೆ ಒಂದೊಂದು ಬೆಲ್ಟ್ ಕತ್ತಿ, ಯಾವ ಕೈ ಮುರಿದರೂ ಇನ್ನೊಂದಕ್ಕೆ ಸಿಗಲಿ ಎಂದು. ಸೀಟಿ, ಸಂಕೇತದ ಕನ್ನಡಿ (ನಮ್ಮ ಬಿಸಿಲಿಗೆ ಇದರ ಹೊಳಪು ಬಹಳ ದೂರ ಕಾಣುತ್ತದೆ), ನೋಂದಣಿ ಮಾಡಿಸಿದ 406ರ ಸಣ್ಣ ಬೀಕನ್ (ಜೇಬಿನಲ್ಲಿಟ್ಟುಕೊಳ್ಳುವ ಸಂಕೇತದ ಪೆಟ್ಟಿಗೆ), ಅರ್ಧ ಲೀಟರ್ ನೀರು. ಸಣ್ಣ ಕೊಡಲಿಯೊಂದನ್ನು ಕಾಲ ಬಳಿ ಬಿಗಿದು ಕಟ್ಟಿದ್ದೇನೆ. ವಿದೇಶದಿಂದ ಸ್ಯಾಟಲೈಟ್ ಫೋನ್ ತರಿಸೋಣ ಎಂದು ಗೆಳೆಯರು ಹೇಳಿದರು. ಅನುಮತಿಯಿಲ್ಲದೆ ಇಲ್ಲಿ ಅದನ್ನು ಇಟ್ಟುಕೊಂಡರೆ ಕೇಸಾಗುತ್ತದೆ, ಆ ದಾರಿ ಹಿಡಿಯಬೇಡಿ. ತುಂಗಭದ್ರಾ ಜಲಾಶಯದ ಮೇಲೆ ಹೋಗುವುದಿದ್ದರೆ ಲೈಫ್ ಜಾಕೆಟ್ ತೊಟ್ಟೇ ಹತ್ತಿ, ಗಾಳಿ ಮಾತ್ರ ಹೊರಗೆ ಬಂದ ಮೇಲೆಯೇ ತುಂಬಿಸಿ. ಒಳಗೇ ಉಬ್ಬಿಸಿದರೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೀರಿ.

ಎಲುಬು ಕೂಡಿದ ಮೇಲೆ ಮೊನ್ನೆ ಭಾಮೈದ ಮತ್ತೆ ಜೊತೆಗೆ ಬಂದ. ಕೂತ ಕೂಡಲೇ ಕಣ್ಣು ಮುಚ್ಚಿಸಿದೆ. ಚಾವಣಿಗೆ ಕೈ ಒತ್ತು, ಬೆಲ್ಟ್ ಬಿಚ್ಚು, ಚಿಲಕ ಹುಡುಕು ಅಂದೆ. ಎರಡು ಸಲ ಕೈ ತಡಕಾಡಿತು. ಮೂರನೇ ಸಲ ನೇರ ಚಿಲಕಕ್ಕೇ ಹೋಯಿತು. ಆಮೇಲೆ ಎಂಜಿನ್ ಚಾಲೂ ಮಾಡಿದೆ.