‘ಲೈಫ್‌ಟೈಮ್ ಗ್ಯಾರಂಟಿ’ ಅಂದವನಿಗಿ ರೊಕ್ಕ ಕೊಟ್ಟು 224ಕ್ಕ ನಿಂತೀನಿ: ಪಿಎಸ್4 ಅಕೌಂಟ್ ಗೇಮ್ ತಗೋಬ್ಯಾಡ್ರಿ

ಮದ್ಲೇ ಹೇಳ್ತೀನಿ, ಇದು ಬರೀಲಾಕ ನಾಚಿಕಿ ಬರ್ಲಾಕತ್ತದ. ದಾಲ್ ಮಿಲ್ಲಿನಾಗ ಲೆಕ್ಕ ಬರ್ಯಾವ ನಾನು. ಒಂದು ರೂಪಾಯಿ ಹೆಚ್ಚುಕಡಿಮಿ ಆದ್ರ ರಾತ್ರಿ ಕುಂತು ಹುಡುಕಾವ. ಅಂಥಾವ ಹೋಗಿ ಪಿಎಸ್4ಕ್ಕ (ಟಿವಿಗಿ ಹಚ್ಚಿ ಆಡೂ ಸೋನಿ ಗೇಮ್ ಡಬ್ಬಿ) ‘ಪ್ರೈಮರಿ ಅಕೌಂಟ್’ ಗೇಮಿಗಿ, ಅಂದ್ರ ಅಂಗಡಿಯವನ ಅಕೌಂಟಿನ ಗೇಮಿಗಿ, 600 ರೂಪಾಯಿ ಫೋನ್‌ಪೇ ಮಾಡಿ ಕುಂತೀನಿ. 600 ಹೋದ್ರ ಹೋಗ್ಲಿ, ಅದಕ್ಕ ಬರೀಲಾಕತ್ತಿಲ್ಲ.

ಗೇಮು ಬ್ಯಾಟ್‌ಮ್ಯಾನ್ ಆರ್ಕಮ್ ನೈಟ್. ಆ ಸರಣಿಯಾಗ ಬ್ಯಾಟ್‌ಮ್ಯಾನ್ ಕಥಿ ಮುಗಿಯೂದು ಇದರಾಗೇ. ಇದರ ಹಿಂದಿನ ಆರ್ಕಮ್ ಅಸೈಲಮ್ (2009), ಆರ್ಕಮ್ ಸಿಟಿ (2011) ಎಲ್ಡೂ ಕಾಲೇಜಿದ್ದಾಗ ಗೆಳ್ಯಾನ ಕಂಪ್ಯೂಟರ್‌ನಾಗ ಮುಗಿಸಿದ್ದೆ. 2015ರ ಜೂನಿನಾಗ ನೈಟ್ ಬಂತು. ಪಿಸಿದು ಎಷ್ಟು ಹೊಲಸು ಬಂದಿತ್ತಂದ್ರ ಮರುದಿನಾನೇ ಮಾರೂದು ನಿಲ್ಸಿದ್ರು, ಅಕ್ಟೋಬರ್ ತನಕ ಮತ್ತ ಅಂಗಡಿಗಿ ಇಡ್ಲಿಲ್ಲ. ಆಮ್ಯಾಲ ನೌಕರಿ, ಲಗ್ನ, ಮಗಳು. ಉಳಕೊಂಡೇ ಬಿಡ್ತು. ಹೋದ ವರ್ಷ ಹಳೇ ಪಿಎಸ್4 ಸಿಕ್ಕಾಗ ಮದ್ಲು ನೆನಪಾಗಿದ್ದು ಇದೇ.

ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಾಗ ಒಂದು ಮೊಬೈಲ್ ಅಂಗಡಿ. ಹೆಸರು ಹೇಳಂಗಿಲ್ಲ, ಇಂಥವು ನಾಲ್ಕಾರು ಅವ. ಆಟ ಹ್ಯಾಂಗ ಅಂತ ಗೊತ್ತಿದ್ದವ್ರಿಗಿ ಗೊತ್ತೇ ಅದ: ಅಂಗಡಿಯವ ತನ್ನ ಅಕೌಂಟು ನಿಮ್ಮ ಡಬ್ಬಿಯಾಗ ಹಾಕಿ ಪ್ರೈಮರಿ ಮಾಡ್ತಾನ (ಅಂದ್ರ ಅವನ ಗೇಮು ಆ ಡಬ್ಬಿಯಾಗ ಯಾವ ಅಕೌಂಟಿಲೇ ಆದ್ರೂ ಆಡ್ಲಾಕ ಬರ್ತದ), ಗೇಮು ಇಳಿಸ್ಕೋತೀರಿ, ನಿಮ್ಮ ಸ್ವಂತ ಅಕೌಂಟಿಲೇ ಆಡ್ತೀರಿ. "ಅಣ್ಣಾ, ಲೈಫ್‌ಟೈಮ್ ಗ್ಯಾರಂಟಿರಿ, ಏನಾರ ಆದ್ರ ನಾ ಇದೀನಲ್ಲ" ಅಂದಾ. ಚಾ ಸುದ್ದಾ ಕುಡಿಸ್ದಾ. ಮನಿಗಿ ಬಂದು ಗೇಮು ಹತ್ತಿದ ಕೂಡ್ಲೇ ಖುಷಿಗಿ "ಥ್ಯಾಂಕ್ಸ್ ತಮ್ಮಾ, ಸೂಪರ್ ಸರ್ವಿಸ್" ಅಂತ ವಾಟ್ಸಾಪ್ ಮಾಡ್ದೆ. ಈ ಮೆಸೇಜ್ ನೆನಪಿಡ್ರಿ.

ಗೇಮಿನ ಬಗ್ಗೆ ನನ್ನ ತಕರಾರು ಬ್ಯಾರೆನೇ ಅವ. ಮನುಷ್ಯಾ ಕತ್ತಲಾಗ ಹೊಂಚು ಹಾಕೋದು ಬಿಟ್ಟು ಅರ್ಧ ಗೇಮ್ ಟ್ಯಾಂಕಿನಾಗ ಕುಂತು ಗುಂಡು ಹಾರಿಸ್ತಾನ. ಆರ್ಕಮ್ ನೈಟ್ ಅನ್ನೂ ಖಳ ಪೂರಾ ಹೊಸಾ ಪಾತ್ರ ಅಂತ ಮದ್ಲು ಹೇಳ್ಕೊಂಡು ತಿರುಗಿದ್ರು, ಮುಖವಾಡ ತಗದ್ರ ನಮ್ಮ ಹಳೇ ಜೇಸನ್ ಟಾಡ್, ಒಂದು ಕಾಲಕ್ಕ ಬ್ಯಾಟ್‌ಮ್ಯಾನ್ ಜೋಡಿ ರಾಬಿನ್ ಆಗಿದ್ದಾವ. (ಹತ್ತು ವರ್ಷ ದಾಟ್ಯದ, ಕಥಿ ಹೇಳಿದ್ನಂತ ಯಾರೂ ಬೈಬ್ಯಾಡ್ರಿ.) ಆದ್ರೂ ಬಿಡ್ಲಿಲ್ಲ. ಯಾಕಂದ್ರ ಕಥಿ ಮುಗಿದ್ರೂ ಕೊನಿ ಪೂರಾ ತೋರ್ಸಂಗಿಲ್ಲ. ಊರಿನಾಗಿನ ಎಲ್ಲಾ ಕೆಲ್ಸ ಮುಗಿಸ್ಬೇಕು, ಅದರಾಗ ರಿಡ್ಲರ್ ಅನ್ನೂ ಒಗಟಿನ ಖಳ ಬಚ್ಚಿಟ್ಟ ಟ್ರೋಫಿ, ಒಗಟು ಎಲ್ಲಾ ಸೇರಿ 243 ಹುಡುಕ್ಬೇಕು. ಒಂದು ಕಡಿಮಿ ಆದ್ರೂ ಅವ ಹೊಡೆದಾಟಕ್ಕೇ ಬರಂಗಿಲ್ಲ. ಮಗಳು ಮಲ್ಗಿದ ಮ್ಯಾಲ ದಿನಾ ಎಲ್ಡು, ಮೂರು ಅಂತ ಹುಡುಕ್ದೆ. ಹಾಳಿ ಮ್ಯಾಲ ಗೀಟು ಹಾಕ್ಕೋತ. "ಈ ವಯಸ್ಸಿನಾಗ ಬಾವಲಿ ಹಿಂದ ಬಿದ್ದೀರಲ್ಲ" ಅಂತಿದ್ಳು ನಮ್ಮಾಕಿ.

ನವೆಂಬರಿನಾಗ ತಗೊಂಡಿದ್ದು. ಮೇ ತಿಂಗಳು, 224 ಆಗಿತ್ತು. ಉಳಿದಿದ್ದು 19. ಶನಿವಾರ ರಾತ್ರಿ, ಕರೆಂಟ್ ಹೋಗಿ ಬಂದಿತ್ತು, ಕೂಲರ್ ಹಚ್ಕೊಂಡು ಕುಂತೆ. ಗೇಮಿನ ಚಿತ್ರದ ಬಾಜೂಕ ಸಣ್ಣ ಕೀಲಿ ಗುರ್ತು. ಒತ್ತಿದೆ, ತೆರೀಲಿಲ್ಲ. ಬಂದ್ ಮಾಡಿ ಹಚ್ಚಿದೆ. ಕೀಲಿ ಅಲ್ಲೇ. ಕರೆಂಟಿಂದ ಏನಾರ ಕೆಟ್ಟಿರ್ಬೇಕಂತ ನಂದೇ ತಪ್ಪು ಹುಡುಕ್ಕೋತ ಒಂದು ತಾಸು ಕುಂತೀನಿ, ಮಳ್ಳ!

ಅಂಗಡಿಯವನ ಉತ್ರ ಕೇಳ್ರಿ. ಮದ್ಲನೇ ದಿನ: "ಸರ್ವರ್ ಪ್ರಾಬ್ಲಮ್ ಅಣ್ಣಾ, ನಾಳಿಗಿ ಬರ್ತದ." ಮೂರನೇ ದಿನ: "ನೀವೇ ಸೆಟ್ಟಿಂಗ್ಸಿನಾಗ ಏನೋ ಒತ್ತೀರಿ." ವಾರ ಆದ ಮ್ಯಾಲ ಅಂಗಡಿಗೇ ಹೋದೆ. ಗಿರಾಕಿಗಳ ಮುಂದ ನಕ್ಕೋತ ಅಂತಾನ, "ಲೈಫ್‌ಟೈಮ್ ಅಂದ್ರ ಅಕೌಂಟಿಂದು ಅಣ್ಣಾ, ಅಕೌಂಟ್ ಇನ್ನೂ ಜೀವಂತ ಅದಲ್ಲ? 300 ಕೊಡ್ರಿ, ರಿನ್ಯೂ ಮಾಡ್ತೀನಿ." ನಾ ಜೋರು ಮಾಡ್ದೆ. "ಆರುನೂರಕ್ಕ ಆರು ತಿಂಗಳು ಆಡೀರಿ. ತಿಂಗಳಿಗಿ ನೂರು. ಸಿನಿಮಾ ಟಿಕೀಟಿಗಿಂತ ಸೋವಿ ಅಲ್ಲೇನ್ರಿ?"

ಆರು ತಿಂಗಳು ಅಂದಾಗ್ಲೇ ತಲಿಯಾಗ ಹೊಳೀತು. ಒಂದು ಅಕೌಂಟಿಗಿ ಒಂದೇ ಪ್ರೈಮರಿ ಪಿಎಸ್4. ಅದನ್ನ ದೂರದಿಂದ ವೆಬ್‌ಸೈಟಿನಾಗ ಕಿತ್ತು ಹಾಕ್ಲಾಕ ಬರ್ತದ, ಆದ್ರ ಆರು ತಿಂಗಳಿಗಿ ಒಂದೇ ಸಲ. ಅಂದ್ರ ಸರ್ವರೂ ಇಲ್ಲ, ಪ್ರಾಬ್ಲಮ್ಮೂ ಇಲ್ಲ. ಗಡುವು ಮುಗಿದ ಕೂಡ್ಲೇ ನನ್ನ ಕಿತ್ತು ಅದೇ ಅಕೌಂಟು ಬ್ಯಾರೆಯವ್ರಿಗಿ ಮಾರ್ಯಾನ. ತೊಗರಿ ಚೀಲ ಒಂದೇ, ರಸೀದಿ ಹತ್ತು. ಇಂಥಾ ಲೆಕ್ಕ ಮಿಲ್ಲಿನಾಗ ದಿನಾ ಹಿಡಿಯಾವ ನಾನು!

ಕಂಪ್ಲೇಂಟ್ ಕೊಡಬೇಕಂದ್ರ, ಅಕೌಂಟ್ ಹಿಂಗ ಮಾರಾದು ಕೊಳ್ಳಾದು ಸೋನಿ ಕಂಪನಿ ನಿಯಮಕ್ಕೇ ವಿರುದ್ಧ. ಯಾವ ಬಾಯಿಲೇ ಕೇಳ್ಲಿ?

ಸೇವ್ (ಎಲ್ಲೀತನಕ ಆಡೀನಿ ಅಂತ ಉಳಿಸಿಟ್ಟ ದಾಖಲಿ) ಅಂತೂ ನನ್ನ ಅಕೌಂಟಿನಾಗ ಅದಲ್ಲ ಅಂತ ಹಳೇ ಡಿಸ್ಕ್ ತರಿಸ್ದೆ. ಅದು ಬ್ಯಾರೆ ದುಡ್ಡು. ಹಾಕಿದ್ರ ‘ನ್ಯೂ ಗೇಮ್’ ಅಷ್ಟೇ ತೋರಿಸ್ತು. ಅವನ ಅಕೌಂಟು ಅಮೆರಿಕಾದ್ದು, ನನ್ನ ಡಿಸ್ಕ್ ಬ್ಯಾರೆ ರೀಜನ್ನಿಂದು. ಅದರ ಸೇವ್ ಇದಕ್ಕ ಹತ್ತಂಗಿಲ್ಲಂತ.

ಕಡೀಕ ಯೂಟ್ಯೂಬಿನಾಗ ನೋಡಿದೆ ಆ ಕೊನಿ. ಬ್ಯಾಟ್‌ಮ್ಯಾನ್ ಮನಿಗಿ ಹೋಗ್ತಾನ, ಬಾಗಿಲು ಹಾಕ್ತಾನ, ಮನಿ ಸ್ಫೋಟ ಆಗ್ತದ. ಆಮ್ಯಾಲ ಒಂದು ಓಣಿಯಾಗ ಇಬ್ರು ಕಳ್ಳರ ಮುಂದ ದೆವ್ವದಂಥಾ ಬ್ಯಾಟ್‌ಮ್ಯಾನ್ ಎದ್ದು ಬರ್ತಾನ, ಕಟ್. ಸತ್ನೋ ಬದುಕ್ಯಾನೋ, ಅವನೋ ಬ್ಯಾರೆಯವನೋ, ಏನೂ ಹೇಳಂಗಿಲ್ಲ. ಇದರ ಸಲುವಾಗಿ 243? 2009ರಿಂದ ಜೋಡಿ ಬಂದವ್ರಿಗಿ ಇಷ್ಟೇ ಏನು? ಆದ್ರೂ ನಾನೇ 243 ಮುಗಿಸಿ ನೋಡಿದ್ರ ಬಹುಶಃ ಬೈಕೋತ ಮೆಚ್ಚತಿದ್ನೇನೋ. ಬ್ಯಾಟ್‌ಮ್ಯಾನ್‌ಗ ಕೆವಿನ್ ಕಾನ್‌ರಾಯ್ ದನಿ ಅದ ಅದರಾಗ, 2022ರಾಗ ಹೋದ್ರು ಪಾಪ. ಮಂದಿ ವಿಡಿಯೋದಾಗ, ಜಾಹೀರಾತಿನ ನಡುವ ಕೇಳ್ಬೇಕಾತು.

ತಗೊಳ್ಳಾದಿದ್ರ ಡಿಸ್ಕ್ ತಗೋರಿ, ಇಲ್ಲಾ ನಿಮ್ಮ ಅಕೌಂಟಿಲೇ ಸೇಲಿನಾಗ ಕೊಳ್ಳರಿ. ಪ್ರೈಮರಿ, ಸೆಕೆಂಡರಿ ಅಂದವನ ಅಂಗಡ್ಯಾಗ ಚಾ ಸುದ್ದಾ ಕುಡೀಬ್ಯಾಡ್ರಿ.

ಇಷ್ಟಾದ್ರೂ ಸುಮ್ನೇ ಇರ್ತಿದ್ದೆ. ನಿನ್ನಿ ಮಿಲ್ಲಿನ ಹುಡುಗ ಮೊಬೈಲ್ ತೋರಿಸ್ದಾ, "ಸರ್, ಇದು ನೀವೇ ಅಲ್ರಿ?" ಆ ಅಂಗಡಿಯವನ ಸ್ಟೇಟಸ್. ‘ಹ್ಯಾಪಿ ಕಸ್ಟಮರ್’ ಅಂತ ನನ್ನ ‘ಸೂಪರ್ ಸರ್ವಿಸ್’ ಮೆಸೇಜ್ ಹಾಕ್ಯಾನ. ಹೆಸರು ಅಳಿಸ್ಯಾನ, ಫೋಟೊ ಹಂಗೇ ಅದ. ಶರಣಬಸಪ್ಪನ ಗುಡಿ ಮುಂದ ಮಗಳನ್ನ ಎತ್ಕೊಂಡು ನಿಂತಿದ್ದು. ತಗಿ ಅಂತ ಮೆಸೇಜ್ ಹಾಕಿದ್ರ ಉತ್ರ ಬಂತು:

"ನೀವೇ ಬರ್ದಿದ್ದಲ್ಲೇನ್ ಅಣ್ಣಾ?"