ಪ್ಲಾಸ್ಮಾ ಗೋಳ: ಬಣ್ಣ ಗಾಜಿನದ್ದಲ್ಲ, ಒಳಗಿನ ಗ್ಯಾಸಿನದ್ದು

ಪಿಕ್ಚರ್ ಟ್ಯೂಬ್ ಟಿವಿಗಳ ಕಾಲದಿಂದ ರಿಪೇರಿ ಕೆಲಸದಲ್ಲಿರುವವನು ನಾನು. ಕಲರ್ ಟಿವಿಯ ಇಎಚ್‌ಟಿ, ಅಂದರೆ ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಒದಗಿಸುವ ಭಾಗ, ಕೊಡುವ 25 ಸಾವಿರ ವೋಲ್ಟ್ ಎಂಥದ್ದು ಅಂತ ಈ ಕೆಲಸದವರಿಗೆಲ್ಲ ಗೊತ್ತು. ಹಾಗಾಗಿ ಪ್ಲಾಸ್ಮಾ ಗೋಳ, ಅಂದರೆ ಒಳಗೆ ಮಿಂಚಿನಂಥ ಬೆಳಕಿನ ಎಳೆಗಳು ಆಡುವ ಗಾಜಿನ ಅಲಂಕಾರದ ದೀಪ, ಮನೆಗೆ ಬಂದ ದಿನ ಮೊದಲು ಬುಡದ ಮುಚ್ಚಳ ಬಿಚ್ಚಿ ಒಳಗೆ ನೋಡಿದೆ. ಮಕ್ಕಳು ಕೈಯಿಡುವ ವಸ್ತು ಅಲ್ವಾ, ನೋಡದೆ ಕೊಡುವುದಕ್ಕೆ ಮನಸ್ಸು ಬರಲಿಲ್ಲ.

ನಾನು ತೆಗೆದುಕೊಂಡಿದ್ದು 8 ಇಂಚಿನದ್ದು. ಕಪ್ಪು ಪ್ಲಾಸ್ಟಿಕ್ ಬುಡ, ಅದರ ಮೇಲೆ ಗಾಜಿನ ಗೋಳ, ಗೋಳದ ನಡುವೆ ಒಂದು ಪುಟ್ಟ ಗುಂಡು. ಬುಡದೊಳಗೆ ವೇಗದ ಎಸಿ ಹುಟ್ಟಿಸುವ ಒಂದು ಆಸಿಲೇಟರ್ ಸರ್ಕ್ಯೂಟ್, ಬಿಸಿ ಹೀರುವ ಲೋಹದ ತುಂಡಿಗೆ (ಹೀಟ್ ಸಿಂಕ್) ಕೂರಿಸಿದ ಟ್ರಾನ್ಸಿಸ್ಟರ್, ಒಂದು ಚಿಕ್ಕ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್. ಟಿವಿಯಲ್ಲಿ ಹೈ ವೋಲ್ಟೇಜ್ ಹುಟ್ಟಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರಿನ ತಮ್ಮ ಅನ್ನಬಹುದು. ಇಂಥ ಗೋಳಗಳಲ್ಲಿ ನಡುವಿನ ಗುಂಡಿಗೆ ಹೋಗುವುದು ಕೆಲವು ಸಾವಿರ ವೋಲ್ಟ್, ಅದೂ ಸುಮಾರು 30 ಕಿಲೋಹರ್ಟ್ಸ್ (ಸೆಕೆಂಡಿಗೆ 30 ಸಾವಿರ ಆವರ್ತ) ವೇಗದಲ್ಲಿ ದಿಕ್ಕು ಬದಲಿಸುವ ಎಸಿ. ವೋಲ್ಟೇಜ್ ಜಾಸ್ತಿ, ಕರೆಂಟ್ ತೀರಾ ಕಡಿಮೆ. ಜೊತೆಗೆ ಬಂದ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತ ಬರೆದಿದೆ. ಅಂದರೆ ಹೆಚ್ಚೆಂದರೆ 12 ವ್ಯಾಟ್. ಬೆಸುಗೆಗಳು ಅಚ್ಚುಕಟ್ಟಾಗಿದ್ದವು. ಹೈ ವೋಲ್ಟೇಜ್ ವೈರಿಗೆ ದಪ್ಪ ಇನ್ಸುಲೇಷನ್ ಕೊಳವೆ ಹಾಕಿದ್ದರು. ಅದು ನನಗೆ ಇಷ್ಟವಾಯಿತು.

ಇನ್ನು ಬಣ್ಣದ ವಿಷಯ. ನನ್ನ ದೂರು ಇರುವುದು ಇಲ್ಲೇ. ಡಬ್ಬದ ಮೇಲಿನ ಚಿತ್ರದಲ್ಲಿ ಹಸಿರು, ಹಳದಿ, ಕೆಂಪು, ನೀಲಿ ಎಲ್ಲ ಒಟ್ಟಿಗೇ ಹೊಳೆಯುತ್ತಿವೆ. ಗೋಳ ಹಚ್ಚಿದರೆ ಕಾಣುವುದು ನೇರಳೆ ಛಾಯೆಯ ನೀಲಿ ಎಳೆಗಳು, ಗಾಜಿಗೆ ತಾಗುವ ತುದಿಯಲ್ಲಿ ಗುಲಾಬಿ. ಅಷ್ಟೇ. ಗೋಳ ಕೆಟ್ಟಿದೆ ಅಂತಲ್ಲ, ಅದು ಸರಿಯಾಗೇ ಇದೆ. ಚಿತ್ರ ಸುಳ್ಳು. ಬಣ್ಣ ಬರುವುದು ಒಳಗೆ ತುಂಬಿದ ಗ್ಯಾಸಿನಿಂದ, ಹಾಗಾಗಿ ಒಂದು ಗೋಳ ತನಗೆ ತೋಚಿದ ಬಣ್ಣವನ್ನೆಲ್ಲ ಕೊಡಲಾರದು.

ಒಳಗೆ ನಡೆಯುವುದು ಇಷ್ಟು. ನಡುವಿನ ಗುಂಡಿನ ಸುತ್ತ ವೋಲ್ಟೇಜ್ ಎದ್ದಾಗ ಗ್ಯಾಸಿನಲ್ಲಿರುವ ಬಿಡಿ ಎಲೆಕ್ಟ್ರಾನ್‌ಗಳು ಓಡಲು ಶುರು ಮಾಡುತ್ತವೆ. ಓಡುತ್ತಾ ಗ್ಯಾಸಿನ ಪರಮಾಣುಗಳಿಗೆ ಗುದ್ದುತ್ತವೆ. ಗುದ್ದು ಜೋರಾಗಿದ್ದರೆ ಪರಮಾಣುವಿನಿಂದ ಇನ್ನೊಂದು ಎಲೆಕ್ಟ್ರಾನ್ ಕಿತ್ತು ಬರುತ್ತದೆ, ಅದೂ ಓಡುತ್ತದೆ (ಹೀಗೆ ಎಲೆಕ್ಟ್ರಾನ್ ಕಳಚಿದ ಗ್ಯಾಸೇ ಪ್ಲಾಸ್ಮಾ). ಗುದ್ದು ಸ್ವಲ್ಪ ಕಡಿಮೆಯಿದ್ದರೆ ಪರಮಾಣು ಆ ಶಕ್ತಿಯನ್ನು ಕ್ಷಣಕಾಲ ಇಟ್ಟುಕೊಂಡು ಬೆಳಕಾಗಿ ಹೊರಗೆ ಬಿಡುತ್ತದೆ. ಯಾವ ಪರಮಾಣು ಯಾವ ಬಣ್ಣ ಬಿಡಬೇಕು ಅನ್ನುವುದು ಅದರ ರಚನೆಯಲ್ಲೇ ತೀರ್ಮಾನವಾಗಿರುತ್ತದೆ. ನಿಯಾನ್ ಕಿತ್ತಳೆ ಕೆಂಪು. ಆರ್ಗಾನ್ ನೇರಳೆ. ಕ್ಸೆನಾನ್ ನೀಲಿ ಬೆರೆತ ಬಿಳಿ. ಕ್ರಿಪ್ಟಾನ್ ಮಾಸಲು ಬಿಳಿ. ಇವುಗಳನ್ನು ಯಾವ ಪ್ರಮಾಣದಲ್ಲಿ ಬೆರೆಸುತ್ತಾರೆ ಅನ್ನುವುದರ ಮೇಲೆ ಗೋಳದ ಬಣ್ಣ ನಿಂತಿದೆ. ಅಚ್ಚ ಹಸಿರು ಬೇಕಿದ್ದರೆ ಗ್ಯಾಸ್ ಸಾಲದು, ಗಾಜಿಗೆ ಫಾಸ್ಫರ್, ಅಂದರೆ ತನ್ನದೇ ಬಣ್ಣದಲ್ಲಿ ಹೊಳೆಯುವ ಪುಡಿಯ ಲೇಪ ಬೇಕು. ಚಪ್ಪಟೆ ತಟ್ಟೆಯ ಆಕಾರದ ಪ್ಲಾಸ್ಮಾ ದೀಪಗಳಲ್ಲಿ ಆ ಲೇಪ ಇರುತ್ತದೆ. ನಿಮಗೆ ಹಸಿರೇ ಬೇಕು ಅಂದರೆ ಅದನ್ನೇ ತೆಗೆದುಕೊಳ್ಳಿ.

ನಿಯಾನ್ ಬಣ್ಣ ಎಂಥದ್ದು ಅಂತ ನೋಡಲು ದೂರ ಹೋಗಬೇಕಿಲ್ಲ. ನಮ್ಮ ಜೇಬಿನ ಟೆಸ್ಟರ್‌ನಲ್ಲಿ ಮಿನುಗುವ ಪುಟ್ಟ ಬಲ್ಬ್ ಅದೇ. ಅದರ ತುದಿಯನ್ನು ಗೋಳದ ಹತ್ತಿರ ತಂದರೆ ಸಾಕು, ಗಾಜಿಗೆ ತಾಗುವ ಮೊದಲೇ ಕಿತ್ತಳೆ ಬಣ್ಣದಲ್ಲಿ ಹೊತ್ತಿಕೊಳ್ಳುತ್ತದೆ. ಟ್ಯೂಬ್‌ಲೈಟ್ ತಂದರೂ ಅಷ್ಟೇ, ವೈರೇ ಇಲ್ಲದೆ ಕೈಯಲ್ಲೇ ಮಂಕಾಗಿ ಉರಿಯುತ್ತದೆ. ಗೋಳದ ವಿದ್ಯುತ್ ಕ್ಷೇತ್ರ ಗಾಜಿನ ಆಚೆಗೂ ಚಾಚಿದೆ ಅನ್ನುವುದಕ್ಕೆ ಇದಕ್ಕಿಂತ ಚೆಂದದ ಪುರಾವೆ ನನಗೆ ಗೊತ್ತಿಲ್ಲ.

ಕೋಣೆಯ ದೀಪ ಆರಿಸಿ, ಕಣ್ಣು ಹೊಂದಿಕೊಂಡ ಮೇಲೆ ಒಂದೇ ಒಂದು ಎಳೆಯನ್ನು ನೋಡುತ್ತಾ ಕೂರಿ. ಗುಂಡಿನಿಂದ ಹೊರಡುವಾಗ ತೆಳ್ಳಗೆ, ಬಿಗಿಯಾಗಿ ನೀಲಿಯಾಗಿರುತ್ತದೆ. ಗಾಜು ಮುಟ್ಟುವ ಕಡೆ ಅಗಲವಾಗಿ ಹರಡಿ ಗುಲಾಬಿಯಾಗುತ್ತದೆ. ಕರೆಂಟ್ ಒತ್ತಾಗಿ ಹರಿಯುವ ಜಾಗಕ್ಕೂ ಹರಡಿಕೊಳ್ಳುವ ಜಾಗಕ್ಕೂ ಗುದ್ದಾಟದ ರೀತಿ ಬೇರೆ. ಮಿಶ್ರಣದ ಒಂದು ಗ್ಯಾಸ್ ಇಲ್ಲಿ ಮೆರೆದರೆ ಇನ್ನೊಂದು ಅಲ್ಲಿ ಮೆರೆಯುತ್ತದೆ. ಎಳೆ ನಿಂತಲ್ಲಿ ನಿಲ್ಲುವುದಿಲ್ಲ, ಮೆಲ್ಲಗೆ ಬಾಗುತ್ತಾ ಮೇಲಕ್ಕೆ ಏರುತ್ತದೆ. ಕರೆಂಟ್ ಹರಿದ ದಾರಿಯ ಗ್ಯಾಸ್ ಬಿಸಿಯಾಗಿ ಹಗುರಾಗುವುದೇ ಕಾರಣ. ಮೇಲೆ ಹೋಗಿ ದಾರಿ ಉದ್ದವಾದಾಗ ಅದು ಕಡಿದು, ಕೆಳಗೆ ಹೊಸದು ಹುಟ್ಟುತ್ತದೆ. ನಾನಂತೂ ಇದನ್ನು ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ.

ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಇಂಥ ಒಂಟಿ ಎಲೆಕ್ಟ್ರೋಡಿನ (ನಮ್ಮ ಗೋಳದ ನಡುವಿನ ಗುಂಡಿನಂಥದ್ದು) ದೀಪಕ್ಕೆ 1894ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಈಗ ನಾವು ನೋಡುವ ಎಳೆಗಳ ಗೋಳ ಬಂದಿದ್ದು 1971ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಪಾರ್ಕರ್ ಕೈಯಿಂದ. ನಿಯಾನ್, ಆರ್ಗಾನ್ ತುಂಬುವಾಗ ಅಂದುಕೊಂಡಿದ್ದಕ್ಕಿಂತ ಒತ್ತಡ ಜಾಸ್ತಿಯಾಯಿತಂತೆ. ಒತ್ತಡ ತೀರಾ ಕಡಿಮೆಯಿದ್ದರೆ ಇಡೀ ಗೋಳ ಮಬ್ಬಾಗಿ ಹೊಳೆಯುತ್ತದೆ. ಒತ್ತಡ ಏರಿದಾಗ ಬೆಳಕು ಎಳೆಯಾಗುತ್ತದೆ.

ಬೆರಳು ಇಟ್ಟರೆ ಏನಾಗುತ್ತದೆ? ಎಲ್ಲರೂ ಕೇಳುವ ಪ್ರಶ್ನೆ. ಎಳೆಗಳೆಲ್ಲ ಸೇರಿ ಒಂದೇ ದಪ್ಪ ಎಳೆಯಾಗಿ ಬೆರಳ ಕೆಳಗೆ ಬಂದು ನಿಲ್ಲುತ್ತದೆ. ಗಾಜು ಕರೆಂಟನ್ನು ನೇರವಾಗಿ ಬಿಡುವುದಿಲ್ಲ. ಆದರೆ ಗಾಜು, ಒಳಗಿನ ಗ್ಯಾಸ್, ಹೊರಗಿನ ಬೆರಳು ಸೇರಿ ಒಂದು ಕೆಪಾಸಿಟರ್ (ಚಾರ್ಜು ಹಿಡಿದಿಡುವ ಭಾಗ) ಆಗುತ್ತದೆ. ಅದರ ಮೂಲಕ ಸ್ವಲ್ಪವೇ ಎಸಿ ದಾಟುತ್ತದೆ. ಮೊತ್ತ ಚಿಕ್ಕದು, ಇಷ್ಟು ವೇಗದ ಎಸಿಗೆ ನಮ್ಮ ನರಗಳು ಮೇನ್ಸಿನ 50 ಹರ್ಟ್ಸ್‌ಗೆ ಸ್ಪಂದಿಸಿದ ಹಾಗೆ ಸ್ಪಂದಿಸುವುದೂ ಇಲ್ಲ. ಹಾಗಾಗಿ ಶಾಕ್ ಗೊತ್ತಾಗುವುದಿಲ್ಲ. ಬೆರಳನ್ನು ಒಂದೇ ಕಡೆ ಹಿಡಿದಿದ್ದರೆ ಗಾಜು ಬಿಸಿಯಾಗುತ್ತದೆ, ಆಗ ತೆಗೆಯಿರಿ. ಒಂದು ಕೈ ಗೋಳದ ಮೇಲಿಟ್ಟು ಇನ್ನೊಂದರಿಂದ ಅರ್ಥ್ ಆದ ಲೋಹ ಮುಟ್ಟಿದರೆ ಸೂಜಿ ಚುಚ್ಚಿದ ಹಾಗೆ ಚುರುಕು ಅನ್ನುತ್ತದೆ. ಅದು ಬೇಡ.

ಇಡೀ ಬಳಕೆಯಲ್ಲಿ ನಾನು ಖಡಾಖಂಡಿತವಾಗಿ ಬೇಡ ಅನ್ನುವುದು ಒಂದನ್ನು: ಗೋಳದ ಮೇಲೆ ಲೋಹ ಇಡುವುದು. ನಾಣ್ಯ, ಅಲ್ಯೂಮಿನಿಯಂ ಹಾಳೆ, ಸರ, ಯಾವುದೂ ಬೇಡ. ಬೆರಳು ಹತ್ತಿರ ತಂದಾಗ ಲೋಹದ ಅಷ್ಟಗಲ ಜಾಗದಲ್ಲಿ ಸೇರಿದ ಚಾರ್ಜು ಬೆರಳ ತುದಿಯ ಒಂದೇ ಚುಕ್ಕೆಗೆ ಕಿಡಿಯಾಗಿ ಹಾರುತ್ತದೆ. ಚರ್ಮ ಸುಡುತ್ತದೆ. ನಡುವೆ ಕಾಗದವಿದ್ದರೆ ತೂತು ಬಿದ್ದು ಹೊತ್ತಿಕೊಳ್ಳಬಹುದು. ಕಿಡಿಯ ಜೊತೆ ಓಝೋನ್ ವಾಸನೆಯೂ ಬರುತ್ತದೆ, ಟಿವಿ ರಿಪೇರಿಯವರಿಗೆ ಚೆನ್ನಾಗಿ ಗೊತ್ತಿರುವ ಆ ಕಟು ವಾಸನೆ. ಇಂಥ ಎಚ್ಚರಿಕೆಯನ್ನು ಕೈಪಿಡಿಯ ಕೊನೇ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದ್ದಾರೆ. ಬುಡದ ಮೇಲೇ ದೊಡ್ಡದಾಗಿ ಅಚ್ಚು ಹಾಕಬೇಕಿತ್ತು.

ಪೇಸ್‌ಮೇಕರ್ ಇರುವವರು ಗೋಳ ಮುಟ್ಟುವುದೂ ಬೇಡ, ಹತ್ತಿರ ಕೂರುವುದೂ ಬೇಡ. ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ವಸ್ತುವನ್ನೇ ಬಿಟ್ಟುಬಿಡಿ. ಪಕ್ಕದಲ್ಲಿ ಮೀಡಿಯಂ ವೇವ್ ರೇಡಿಯೋ ಇಟ್ಟು ನೋಡಿದೆ, ಸ್ಟೇಷನ್ ಮುಳುಗಿಹೋಗುವಷ್ಟು ಗುರ್ ಅನ್ನುವ ಸದ್ದು. ಮೊಬೈಲ್ ಗಾಜಿಗೆ ತೀರಾ ಹತ್ತಿರ ಬಂದರೆ ಟಚ್ ಸ್ಕ್ರೀನ್ ತಲೆಕೆಟ್ಟ ಹಾಗೆ ಆಡುತ್ತದೆ. ಕಂಪ್ಯೂಟರ್ ಟೇಬಲ್ ಇದರ ಜಾಗವಲ್ಲ.

ಸದ್ದಿಗೆ ಕುಣಿಯುವ ಮೋಡ್ ಒಂದಿದೆ, ಚಪ್ಪಾಳೆ ತಟ್ಟಿದರೆ ಹೊತ್ತಿ ಆರುತ್ತದೆ. ಸುಮ್ನೆ ಒಂದು ಸಲ ನೋಡಲು ಚೆನ್ನ.

ಕೊಳ್ಳುವವರು ಕತ್ತಲಲ್ಲಿ ಹಚ್ಚಿಸಿ ನೋಡಿ. ಎಳೆಗಳು ಎಲ್ಲ ದಿಕ್ಕಿಗೂ ಹರಡಬೇಕು, ಗಾಜಿನಲ್ಲಿ ಕೂದಲೆಳೆಯ ಬಿರುಕೂ ಇರಬಾರದು. ಬಿರುಕಿನಿಂದ ಹೊರಗಿನ ಗಾಳಿ ನುಗ್ಗಿದರೆ ಎಳೆಗಳು ಸೊರಗಿ ಕಡೆಗೆ ಹುಟ್ಟುವುದೇ ನಿಲ್ಲುತ್ತದೆ. ಅದನ್ನು ಮನೆಯಲ್ಲಿ ರಿಪೇರಿ ಮಾಡಲು ಬರುವುದಿಲ್ಲ, ನನ್ನಿಂದಲೂ ಆಗದು. ಅಡಾಪ್ಟರ್ ಹಾಳಾದರೆ ಅಷ್ಟೇ ವೋಲ್ಟಿನ, ಪಿನ್ನಿನ ಪ್ಲಸ್ ಮೈನಸ್ ಹೊಂದುವ ಇನ್ನೊಂದನ್ನು ಹಾಕಿ. ಜಾಸ್ತಿ ವೋಲ್ಟಿನದ್ದು ಹಾಕಿದರೆ ಎಳೆ ಜೋರಾಗಿ ಕಾಣಬಹುದು, ಆದರೆ ಒಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ.