ಆಡಿಟರ್‌ಗಳೇ, ನಿಮ್ಮ ಡೊಮೈನ್ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ

ಆಫೀಸಿಗೆ ವೆಬ್‌ಸೈಟ್ ಮಾಡಿಸಿದ್ದೀರಾ? ಅದರ ವಿಳಾಸ ನಿಮ್ಮ ಹೆಸರಲ್ಲಿದೆಯಾ? ಇರುತ್ತೆ ಬಿಡಿ ಅಂತ ಸುಮ್ಮನಿರಬೇಡಿ. ನಾನೂ ಹಾಗೇ ಸುಮ್ಮನಿದ್ದೆ.

ದಾವಣಗೆರೆಯಲ್ಲಿ ನನ್ನದು ಚಿಕ್ಕ ಸಿಎ ಆಫೀಸು. ನಾನು, ಸಿಎ ತರಬೇತಿಗೆ ಬಂದ ಇಬ್ಬರು ಆರ್ಟಿಕಲ್ ಹುಡುಗರು, ಟ್ಯಾಲಿ ನೋಡಿಕೊಳ್ಳುವ ಹುಡುಗಿ, ಅಷ್ಟೇ. 2022ರ ಜುಲೈನಲ್ಲಿ ವೆಬ್‌ಸೈಟ್ ಮಾಡಿಕೊಡುವವನೊಬ್ಬ ಬಂದ. ಡೊಮೈನ್, ಹೋಸ್ಟಿಂಗ್, ಮೇಲ್ ಎಲ್ಲಾ ಸೇರಿ ವರ್ಷಕ್ಕೆ 24,000, ಜಿಎಸ್‌ಟಿ ಬೇರೆ. 28,320 ಕೊಟ್ಟೆ. "ನೀವು ತಲೆ ಕೆಡಿಸ್ಕೋಬೇಡಿ ಮೇಡಂ, ಎಲ್ಲಾ ನಾವೇ ನೋಡ್ಕೋತೀವಿ" ಅಂದ. ಆ ಮಾತಿಗೇ ನಾನು ಬಿದ್ದಿದ್ದು.

ಸೈಟ್ ತೆರೆದರೆ ಮೇಲ್ಗಡೆ ದಪ್ಪ ಅಕ್ಷರದಲ್ಲಿ "ದಾವಣಗೆರೆಯ ನಂಬರ್ ಒನ್ ಸಿಎ"! ಎದೆ ಧಸಕ್ಕೆಂದಿತು. 1949ರ ಸಿಎ ಕಾಯ್ದೆ ಪ್ರಕಾರ ಇಂಥ ಪ್ರಚಾರ ತಪ್ಪು, ಅದಕ್ಕೆ ಉತ್ತರ ಕೊಡಬೇಕಾದವಳು ನಾನು, ಅವನಲ್ಲ. ತೆಗೆಸುವುದಕ್ಕೆ 11 ದಿನ ಆಯಿತು. "ಎಲ್ಲರೂ ಹಾಕಿಸ್ಕೋತಾರೆ ಮೇಡಂ" ಅಂತ ಬೇರೆ. ಅವತ್ತೇ ಬಿಡಬೇಕಿತ್ತು.

ಮುಂದಿನ ವರ್ಷ ರಿನ್ಯೂವಲ್‌ಗೆ 35,000 ಕೇಳಿದ. ಯಾವುದಕ್ಕೆ ಎಷ್ಟು ಅಂತ ಬರೆದು ಕೊಡಿ ಅಂದೆ. ಉತ್ತರ ಇಲ್ಲ. ಜುಲೈ 19ರ ರಾತ್ರಿ ಮೇಲ್ ನಿಂತಿತು. ಮಾರನೇ ದಿನ ಜಿಎಸ್‌ಟಿಆರ್-3ಬಿಗೆ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್‌ಗೆ, ಕೊನೇ ದಿನ!

ನಮ್ಮಲ್ಲಿ ಹೇಗೆ ನಡೆಯುತ್ತೆ ಗೊತ್ತಲ್ವಾ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಷ್ಟೋ ಕಕ್ಷಿದಾರರ ಖಾತೆಗೆ ಮೊಬೈಲ್ ಅವರದು, ಮೇಲ್ ನಮ್ಮದು. ಅಕ್ಕಿ ಮಿಲ್ಲಿನ ಯಜಮಾನರು ತಿರುಪತಿಯಲ್ಲಿ ದರ್ಶನದ ಸಾಲಿನಲ್ಲಿದ್ದರು. ಮೊಬೈಲ್ ಕೌಂಟರಿನಲ್ಲಿ ಕೊಟ್ಟುಬಿಟ್ಟಿದ್ದರು. ರಿಟರ್ನ್ ಹಾಕೋಕೆ ಬೇಕಾದ ಓಟಿಪಿ ಇನ್ನು ಬರಬೇಕಾದ್ದು ನಮ್ಮ ಮೇಲ್‌ಗೆ. ನಮ್ಮ ಮೇಲ್ ಸತ್ತಿದೆ.

ಫೋನ್ ಮಾಡಿದೆ. "ಸರ್ವರ್ ಪ್ರಾಬ್ಲಂ ಮೇಡಂ, ಟೆಕ್ನಿಕಲ್ ಟೀಮ್ ನೋಡ್ತಾ ಇದೆ." ಮಧ್ಯಾಹ್ನ ಮತ್ತೆ ಮಾಡಿದೆ. "ಟಿಕೆಟ್ ಹಾಕಿ ಮೇಡಂ." ಯಾವ ಮೇಲ್‌ನಿಂದ ದೂರು ಹಾಕಲಿ? ಸಂಜೆ ನಾಲ್ಕಕ್ಕೆ, ಮೆತ್ತಗೆ: "ಪೇಮೆಂಟ್ ಒಂದು ಪೆಂಡಿಂಗ್ ಇದೆ ಅಲ್ವಾ ಮೇಡಂ."

ಜಿಎಸ್‌ಟಿ ಸೇರಿಸಿ 41,300 ಕಳಿಸಿದೆ. ಆರೇ ನಿಮಿಷ. ಇನ್‌ಬಾಕ್ಸಿಗೆ ಮೇಲ್‌ಗಳು ದಬದಬ ಬಿದ್ದವು. ಅಲ್ಲಿವರೆಗೂ ಸರ್ವರ್ ಪ್ರಾಬ್ಲಂ ಅಂದಿದ್ದನ್ನು ನಾನು ನಂಬಿದ್ದೆ. ಆರು ನಿಮಿಷಕ್ಕೆ ಯಾವ ಸರ್ವರ್ ರಿಪೇರಿ ಆಗುತ್ತೆ? ಕೈ ನಡುಗುತ್ತಿತ್ತು, ಹುಡುಗರ ಮುಖ ನೋಡೋಕೆ ಆಗಲಿಲ್ಲ.

ಅವತ್ತೇ ರಾತ್ರಿ ಹೂಈಸ್‌ನಲ್ಲಿ (ಡೊಮೈನ್ ಯಾರ ಹೆಸರಲ್ಲಿದೆ ಅಂತ ತೋರಿಸುವ ಆನ್‌ಲೈನ್ ದಾಖಲೆ) ಹುಡುಕಿದೆ. ನನ್ನ ಆಫೀಸಿನ ಹೆಸರಿನ ಡೊಮೈನ್, ಮಾಲೀಕರ ಜಾಗದಲ್ಲಿ ಅವನ ಕಂಪನಿ. ಡೊಮೈನ್ ಬೇರೆ ಕಡೆ ಒಯ್ಯೋಕೆ ಬೇಕಾದ ಟ್ರಾನ್ಸ್‌ಫರ್ ಕೋಡ್ ಕೇಳಿದ್ದಕ್ಕೆ ಬಂದ ಉತ್ತರ: "ನೀವು ತಗೊಂಡಿದ್ದು ಸರ್ವಿಸ್ ಮೇಡಂ, ಡೊಮೈನ್ ಅಲ್ಲ."

ಇನ್ನೊಂದು ಇದೆ, ಹೇಳೋಕೆ ನಾಚಿಕೆ. ಮೊದಲ ಬಿಲ್ಲಿನ 4,320 ರೂಪಾಯಿ ಜಿಎಸ್‌ಟಿ ನನ್ನ 2ಬಿಯಲ್ಲಿ (ಮಾರಿದವರು ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ) ಬಂದೇ ಇರಲಿಲ್ಲ. ಅವನ ಜಿಎಸ್‌ಟಿ ನಂಬರ್ ಪೋರ್ಟಲ್‌ನಲ್ಲಿ ಹಾಕಿ ನೋಡಿದೆ. ರಿಜಿಸ್ಟ್ರೇಷನ್ ಕ್ಯಾನ್ಸಲ್ ಆಗಿದೆ, ಅದೂ ನನಗೆ ಬಿಲ್ ಕೊಡುವ ಮೊದಲೇ. 2ಬಿ ನೋಡಿ, 2ಬಿ ನೋಡಿ ಅಂತ ಊರಿಗೆಲ್ಲಾ ಹೇಳುವವಳು ನಾನು.

ಡೊಮೈನ್ ನೀವೇ ಕೊಳ್ಳಿ. ನಿಮ್ಮ ಹೆಸರು, ನಿಮ್ಮ ಕಾರ್ಡು, ನಿಮ್ಮ ಲಾಗಿನ್. ಡಾಟ್ ಇನ್ ವಿಳಾಸಕ್ಕೆ ವರ್ಷಕ್ಕೆ ಸಾವಿರದ ಆಸುಪಾಸು, ಜಾಸ್ತಿ ಏನಿಲ್ಲ. ದುಡ್ಡು ಕೊಡುವ ಮೊದಲು ಅವರ ಜಿಎಸ್‌ಟಿ ನಂಬರ್ ಚೆಕ್ ಮಾಡಿ. "ಎಲ್ಲಾ ನಾವೇ ನೋಡ್ಕೋತೀವಿ" ಅಂದವನನ್ನು ಬಾಗಿಲಿಂದಲೇ ಕಳಿಸಿ.

ನಾನು ಹೊಸ ಡೊಮೈನ್ ತಗೊಂಡೆ. ಈಗ ಒಬ್ಬೊಬ್ಬ ಕಕ್ಷಿದಾರರಿಗೂ ಫೋನ್ ಮಾಡಿ, ಓಟಿಪಿ ಕೇಳಿ, ಪೋರ್ಟಲ್‌ಗಳಲ್ಲಿ ಮೇಲ್ ಬದಲಾಯಿಸುತ್ತಿದ್ದೇವೆ. 140 ಜನ. ಇನ್ನೂ 38 ಬಾಕಿ ಇದ್ದಾರೆ, ಅವರಿಗೆ ಬರುವ ನೋಟಿಸ್ ಇವತ್ತಿಗೂ ಅವನ ಕೈಯಲ್ಲಿರುವ ವಿಳಾಸಕ್ಕೇ ಹೋಗುತ್ತದೆ.